ಅರ್ಧ ಬಸ್ಕಿ ಸಾಕೇ?

ಸಂಜೆ ಹೊತ್ತು ಬಡಾವಣೆಯ ಯಾವುದಾದರೂ ಜಿಮ್‌ಗೆ ಹೋಗಿ ನೋಡಿ. ಹೆಗಲ ಮೇಲೆ 100 ಕಿಲೋ ಹೊತ್ತ ಹುಡುಗ ಗೇಣುದ್ದ ಕೆಳಗಿಳಿದು ಎದ್ದುಬಿಡುತ್ತಾನೆ. ಪಕ್ಕದವನು 40 ಕಿಲೋ ಹೊತ್ತು, ತೊಡೆ ಮೀನಖಂಡಕ್ಕೆ ತಾಗುವಷ್ಟು ಪೂರ್ತಿ ಕೂತು ಏಳುತ್ತಾನೆ. ನೋಡುವವರ ಮೆಚ್ಚುಗೆಯೆಲ್ಲ ಮೊದಲನೆಯವನಿಗೆ. ಸ್ನಾಯು ಬೆಳೆಸುವ ವಿಷಯದಲ್ಲಿ ಮಾತ್ರ ಎರಡನೆಯವನೇ ಜಾಣ.

ಇದು ಪೈಲ್ವಾನರಾಗಬಯಸುವ ಯುವಕರಿಗಷ್ಟೇ ಸಂಬಂಧಿಸಿದ ಮಾತಲ್ಲ. ನಡುವಯಸ್ಸು ದಾಟಿದ ಮೇಲೆ ಎಲ್ಲರ ಸ್ನಾಯುಗಳೂ ನಿಧಾನವಾಗಿ ಕರಗುತ್ತಾ ಹೋಗುತ್ತವೆ. ನೆಲದ ಮೇಲೆ ಊಟಕ್ಕೆ ಕೂತವರು ಕೈಯೂರದೆ ಏಳಲಾಗದಿರುವುದು, ಬಸ್ಸಿನ ಮೆಟ್ಟಿಲು ದಿನೇ ದಿನೇ ಎತ್ತರವಾದಂತೆ ತೋರುವುದು, ಬಹಳಷ್ಟು ಮಟ್ಟಿಗೆ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಸೊರಗಿದ್ದರ ಫಲ. ಅವನ್ನು ಉಳಿಸಿಕೊಳ್ಳಲು ಬಸ್ಕಿಯಂಥ ಒಳ್ಳೆಯ ವ್ಯಾಯಾಮ ಇನ್ನೊಂದಿಲ್ಲ. ಪ್ರಶ್ನೆ ಇರುವುದು ಎಷ್ಟು ಕೆಳಗೆ ಹೋಗಬೇಕು ಎಂಬುದರಲ್ಲಿ.

ಜಪಾನಿನ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 17 ಮಂದಿ ಗಂಡಸರಿದ್ದರು. ಒಂದು ಗುಂಪು ಪೂರ್ತಿ ಬಸ್ಕಿ ಹೊಡೆಯಿತು, ಇನ್ನೊಂದು ಮಂಡಿ 90 ಡಿಗ್ರಿ ಮಡಚುವಷ್ಟು ಅರ್ಧ ಬಸ್ಕಿ. 10 ವಾರಗಳ ನಂತರ ತೊಡೆಯ ಮುಂಭಾಗದ ಸ್ನಾಯು ಎರಡೂ ಗುಂಪಿನಲ್ಲಿ ಶೇ 5ರ ಆಸುಪಾಸು ಬೆಳೆದಿತ್ತು. ಅಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಪೃಷ್ಠದ ಸ್ನಾಯು ಪೂರ್ತಿ ಕೂತವರಲ್ಲಿ ಶೇ 6.7, ಅರ್ಧ ಕೂತವರಲ್ಲಿ ಕೇವಲ ಶೇ 2.2 ಬೆಳೆದಿತ್ತು. ತೊಡೆಯ ಒಳಭಾಗದ ಸ್ನಾಯುಗಳಲ್ಲೂ ಇದೇ ಕಥೆ. ನೆಲದಿಂದ ಎಬ್ಬಿಸುವುದು ಈ ಸ್ನಾಯುಗಳೇ ಎಂಬುದನ್ನು ನೆನಪಿಡಿ.

ಬ್ರೆಜಿಲ್‌ನಿಂದ 2023ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. ಇಲ್ಲಿ ಪರೀಕ್ಷಿಸಿದ್ದು ಮೀನಖಂಡವನ್ನು. ಕೆಲವು ಯುವತಿಯರು ಹಿಮ್ಮಡಿಯನ್ನು ಪೂರ್ತಿ ಇಳಿಸಿ ಪೂರ್ತಿ ಎತ್ತಿದರು. ಕೆಲವರು ಮೇಲಿನ ಅರ್ಧ ಮಾತ್ರ, ಇನ್ನು ಕೆಲವರು ಕೆಳಗಿನ ಅರ್ಧ, ಅಂದರೆ ಸ್ನಾಯು ಹಿಗ್ಗಿರುವ ಭಾಗ ಮಾತ್ರ ಮಾಡಿದರು. 8 ವಾರಗಳಲ್ಲಿ ಮೀನಖಂಡದ ಒಳಬದಿಯ ಸ್ನಾಯು ಮೇಲರ್ಧದವರಲ್ಲಿ ಶೇ 3.4, ಪೂರ್ತಿ ಮಾಡಿದವರಲ್ಲಿ ಶೇ 6.7, ಕೆಳಗಿನರ್ಧದವರಲ್ಲಿ ಶೇ 15.2 ದಪ್ಪವಾಗಿತ್ತು! ನಾವು ಸಾಮಾನ್ಯವಾಗಿ ಕಷ್ಟವೆಂದು ತಪ್ಪಿಸುವುದು ಈ ಕೆಳಗಿನ ಭಾಗವನ್ನೇ.

ಕಾರಣವೇನು? ಹಿಗ್ಗಿದ ಸ್ಥಿತಿಯಲ್ಲಿ ಭಾರ ಬಿದ್ದಾಗ ಸ್ನಾಯು ತನ್ನ ಬಲದಿಂದ ಎಳೆಯುವುದರ ಜೊತೆಗೆ ರಬ್ಬರ್ ಪಟ್ಟಿಯಂತೆ ಬಿಗಿಯಲೂಬೇಕು. ಈ ಹೆಚ್ಚಿನ ಸೆಳೆತವೇ ಬೆಳವಣಿಗೆಗೆ ಪ್ರಚೋದನೆ ಎಂದು ಭಾವಿಸಲಾಗಿದೆ. ಬೆಕ್ಕಿನ ಕಾಲನ್ನು ಸ್ನಾಯು ಹಿಗ್ಗಿರುವಂತೆ ಪ್ಲಾಸ್ಟರ್‌ನಲ್ಲಿ ಕಟ್ಟಿಟ್ಟರೆ ಸ್ನಾಯುವಿನ ಎಳೆಗಳು ತಮ್ಮ ಉದ್ದಕ್ಕೆ ಹೊಸ ಘಟಕಗಳನ್ನು ಸೇರಿಸಿಕೊಳ್ಳುತ್ತವೆ, ಕುಗ್ಗಿಸಿ ಕಟ್ಟಿದರೆ ಕಳೆದುಕೊಳ್ಳುತ್ತವೆ ಎಂಬುದು 1972ರಷ್ಟು ಹಿಂದೆಯೇ ವರದಿಯಾಗಿತ್ತು. ಪ್ಲಾಸ್ಟರ್ ಬೇರೆ, ವ್ಯಾಯಾಮ ಬೇರೆ, ನಿಜ. ಆದರೂ ತನ್ನನ್ನು ಯಾವ ಉದ್ದದಲ್ಲಿ ದುಡಿಸುತ್ತಾರೋ ಅದನ್ನು ಸ್ನಾಯು ಗಮನಿಸುತ್ತದೆ ಎಂಬುದಂತೂ ಸ್ಪಷ್ಟ.

ಹಾಗಾದರೆ ಮೇಲಿನ ಅರ್ಧವನ್ನು ಬಿಟ್ಟೇಬಿಡಬೇಕೇ? ಬೇಡ. ಈಗಾಗಲೇ ಪಳಗಿದವರಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಪೂರ್ಣ ಚಲನೆ ಮತ್ತು ಹಿಗ್ಗಿದ ಭಾಗದ ಅರ್ಧ ಚಲನೆ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಮನೆಮಂದಿಗೆ ಪೂರ್ಣ ಚಲನೆಯೇ ಸರಿ. ಗರಡಿಮನೆಯ ಬಸ್ಕಿ ಮೊದಲಿನಿಂದಲೂ ಪೂರ್ತಿ ಕೂತು ಏಳುವಂಥದ್ದೇ ಅಲ್ಲವೇ?

‘ಡಾಕ್ಟರೇ, ಪೂರ್ತಿ ಕೂತರೆ ಮಂಡಿ ಸವೆಯುವುದಿಲ್ಲವೇ?’ ಎಂದು ಕೇಳುವವರು ಬಹಳ. ಈ ಭಯ ಹರಡಿದ್ದು ಮುಖ್ಯವಾಗಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಾರ್ಲ್ ಕ್ಲೈನ್ ಎಂಬವರು 1961ರಲ್ಲಿ ಪ್ರಕಟಿಸಿದ ವರದಿಯಿಂದ. ಆಳವಾದ ಬಸ್ಕಿಯಿಂದ ಮಂಡಿಯ ಅಸ್ಥಿರಜ್ಜುಗಳು ಸಡಿಲವಾಗುತ್ತವೆ ಎಂದು ಅವರು ಹೇಳಿದ್ದರು. ನಂತರದ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಆರೋಗ್ಯವಂತ ಮಂಡಿಗೆ, ಭಾರವನ್ನು ಹಂತ ಹಂತವಾಗಿ ಏರಿಸಿದರೆ, ಪೂರ್ತಿ ಬಸ್ಕಿಯಿಂದ ಅಪಾಯವಿಲ್ಲ. ಮಂಡಿ ಸವೆತ ಇರುವವರು, ಮಂಡಿ ಬದಲಾಯಿಸಿಕೊಂಡವರು, ಬೆನ್ನು ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಭಾರ ಎತ್ತುವವರು ಈಗಿನ ಭಾರವನ್ನು ಇಳಿಸಿ, ನಿಧಾನವಾಗಿ ಕೆಳಗಿಳಿಯಲಿ. ಹಿರಿಯರಿಗೆ ಭಾರವೇ ಬೇಡ. ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಕೂತು ಏಳಿ. ಹತ್ತು ಸಲ ಸುಲಭವಾದಾಗ ಒಂದು ದಿಂಬು ತೆಗೆಯಿರಿ, ಮತ್ತೆ ಕೆಲವು ವಾರಕ್ಕೆ ಇನ್ನೊಂದು. ಮೀನಖಂಡಕ್ಕಾದರೆ ಮೆಟ್ಟಿಲ ಅಂಚಿನಲ್ಲಿ ಅಂಗಾಲಿನ ಮುಂಭಾಗವನ್ನಷ್ಟೇ ಊರಿ, ಕಂಬಿ ಹಿಡಿದು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ ಎತ್ತಿ. ವಾರಕ್ಕೆ ಎರಡು ಮೂರು ದಿನ ಸಾಕು. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಇರುವವರಂತೂ ಖಂಡಿತ ಬೇಡ. ಮೊದಲ ವಾರ ಒಂದೆರಡು ದಿನ ಮೈಕೈ ನೋವು ಸಹಜ. ಕೀಲಿನೊಳಗೆ ಚುಚ್ಚುವ ನೋವು ಅಥವಾ ಊತ ಕಂಡರೆ ಅಷ್ಟು ಆಳಕ್ಕೆ ಹೋಗದೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.