ರಕ್ತದಾನವೂ ಸಂಘಸೇವೆಯೂ

ದಾನವೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕೆರೆಗೆ, ಗುಡಿಗೆ, ಮಠಕ್ಕೆ, ವಿದ್ಯಾರ್ಥಿಗಳ ಊಟಕ್ಕೆ ಭೂಮಿಯನ್ನು ಬಿಟ್ಟುಕೊಟ್ಟವರ ಹೆಸರುಗಳು ಕನ್ನಡ ನಾಡಿನ ಶಾಸನಗಳಲ್ಲಿ ಇಂದಿಗೂ ಉಳಿದಿವೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ ‘ದಾನಚಿಂತಾಮಣಿ’ ಎನಿಸಿಕೊಂಡಳು. ಆದರೆ ಆ ದಾನಗಳೆಲ್ಲದರಲ್ಲಿಯೂ ಕೊಡುವ ವಸ್ತುವು ಕೊಡುವವರ ದೇಹದ ಹೊರಗಿತ್ತು. ತನ್ನ ಮೈಯೊಳಗಿನ ದ್ರವ್ಯವನ್ನೇ ತೆಗೆದು, ಮುಖ ಪರಿಚಯವೂ ಇಲ್ಲದ ಮತ್ತೊಬ್ಬನ ಪ್ರಾಣ ಉಳಿಸುವ ದಾನವು ವೈದ್ಯಶಾಸ್ತ್ರವು ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನಿಗೆ ತೆರೆದಿಟ್ಟ ಹೊಸ ಬಾಗಿಲು. ಇಷ್ಟು ಸಂಶೋಧನೆ ನಡೆದಿದ್ದರೂ ರೋಗಿಗೆ ಬೇಕಾಗುವ ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸಿ ಪೂರೈಸುವ ಕಾಲ ಇನ್ನೂ ಬಂದಿಲ್ಲ. ಮನುಷ್ಯನಿಗೆ ಮನುಷ್ಯನೇ ಕೊಡಬೇಕು.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯವು ಉಳಿದವರಿಗಿಂತ ಒಂದು ತೂಕ ಹೆಚ್ಚು ಸಂಬಂಧಿಸಿದ್ದು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಈ ನಗರವೇ ರಾಜಧಾನಿ. ರಾಜ್ಯಗಳ ಪುನರ್ವಿಂಗಡಣೆಯಾಗಿ ಆಡಳಿತವು ಬೆಂಗಳೂರಿಗೆ ಹೋಯಿತಾದರೂ ಕಾಯಿಲೆಯ ದಾರಿ ಬದಲಾಗಲಿಲ್ಲ. ಬೀದರದಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರು. ಬೆಂಗಳೂರಿಗಾದರೋ ಒಂದು ಇಡೀ ರಾತ್ರಿಯ ಪ್ರಯಾಣ. ಆದುದರಿಂದ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ, ಪಂಜಾಗುಟ್ಟದ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆ, ರೆಡ್‌ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಮುಂತಾದೆಡೆಗಳ ಪಡಸಾಲೆಗಳಲ್ಲಿ ಕಲ್ಯಾಣ ಕರ್ನಾಟಕದ ಕನ್ನಡವು ಇಂದಿಗೂ ಕಿವಿಗೆ ಬೀಳುತ್ತದೆ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಡನೆ ರೋಗಿಯನ್ನು ಕರೆತಂದ ಮಗನೋ ತಮ್ಮನೋ ಊಟ, ವಸತಿ, ಔಷಧಗಳ ಏರ್ಪಾಟನ್ನು ಹೇಗೋ ಮಾಡಿಕೊಳ್ಳುತ್ತಾನೆ. ಆದರೆ ‘ಮೂರು ಬಾಟಲಿ ರಕ್ತಕ್ಕೆ ಜನರನ್ನು ಕರೆತನ್ನಿ’ ಎಂಬ ಮಾತು ಬಂದಾಗ ಅವನು ನಿಜವಾಗಿ ಕಂಗಾಲಾಗುತ್ತಾನೆ. ಪರಸ್ಥಳದಲ್ಲಿ ಮೂವರನ್ನು ಎಲ್ಲಿಂದ ತಂದಾನು?

ರಕ್ತ ಕೊಡುವ ಶಾಸ್ತ್ರವು ಬೆಳೆದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿಯುವವರೆಗೆ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಡುವುದು ಜೂಜಾಟವಾಗಿತ್ತು. ಕೆಲವರು ಬದುಕುತ್ತಿದ್ದರು, ಕೆಲವರು ತಕ್ಷಣವೇ ಸಾಯುತ್ತಿದ್ದರು, ಕಾರಣ ತಿಳಿಯುತ್ತಿರಲಿಲ್ಲ. 1914ರ ಸುಮಾರಿಗೆ ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತವು ಹೆಪ್ಪುಗಟ್ಟದೆಂಬುದು ಗೊತ್ತಾದ ಮೇಲೆ ಅದನ್ನು ಶೇಖರಿಸಿಡುವ ಮಾರ್ಗ ತೆರೆಯಿತು. ವಿಜ್ಞಾನದ ಕೆಲಸ ಇಷ್ಟಾಯಿತು. ಜನರನ್ನು ಕೂಡಿಸುವ ಕೆಲಸವನ್ನು ಮಾಡಿದವನು ವೈದ್ಯನಲ್ಲ. 1921ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ರಕ್ತ ಬೇಕೆಂದು ಕರೆ ಬಂದಾಗ, ಕ್ಯಾಂಬರ್‌ವೆಲ್ ಭಾಗದ ರೆಡ್‌ಕ್ರಾಸ್ ಶಾಖೆಯ ಕಾರ್ಯದರ್ಶಿಯಾಗಿದ್ದ ಪರ್ಸಿ ಆಲಿವರ್ ತನ್ನ ಕೆಲವು ಸಂಗಡಿಗರೊಡನೆ ಅಲ್ಲಿಗೆ ಹೋದನು. ಅಂದಿನಿಂದ ಆತ ಸಿದ್ಧರಿರುವವರ ಹೆಸರು, ಗುಂಪು, ವಿಳಾಸಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡು, ತನ್ನ ಮನೆಯ ದೂರವಾಣಿಯ ಮೂಲಕವೇ ಆಸ್ಪತ್ರೆಗಳಿಗೆ ದಾನಿಗಳನ್ನು ಕಳುಹಿಸುತ್ತ ಬಂದನು. ಜಗತ್ತಿನ ಸ್ವಯಂಪ್ರೇರಿತ ರಕ್ತದಾನ ಚಳವಳಿಯ ಮೂಲದಲ್ಲಿ ಒಂದು ಪಟ್ಟಿ, ಒಂದು ದೂರವಾಣಿ ಮತ್ತು ಅದನ್ನು ಬೇಸರವಿಲ್ಲದೆ ಎತ್ತಿದ ಒಂದು ಸಂಸಾರ ಇದ್ದುವೆಂಬುದನ್ನು ಸಂಘ-ಸಂಸ್ಥೆಗಳವರು ಗಮನಿಸಬೇಕು.

ಕೊಡುವವರ ದೇಹದಲ್ಲಿ ಏನಾಗುತ್ತದೆ?

ವಯಸ್ಕರ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 70 ಮಿಲಿಲೀಟರಿನಂತೆ ಒಟ್ಟು ಐದು ಲೀಟರಿನಷ್ಟು ರಕ್ತವಿರುತ್ತದೆ. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರು ಮಾತ್ರ. 450ನ್ನು 55 ಕಿಲೋಗಿಂತ ಹೆಚ್ಚು ತೂಕವುಳ್ಳವರಿಂದಷ್ಟೇ ತೆಗೆಯುತ್ತಾರೆ. ಹೋದ ದ್ರವಭಾಗವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ತುಂಬಲು ಕೆಲವು ವಾರಗಳು ಬೇಕು. ಕಬ್ಬಿಣದ ಅಂಶವು ತುಂಬಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದಲೇ ಭಾರತದ ನಿಯಮಗಳು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರವನ್ನು ವಿಧಿಸಿವೆ. ವಯಸ್ಸು 18ರಿಂದ 65ರ ಒಳಗೆ, ತೂಕ 45 ಕಿಲೋಗಿಂತ ಕಡಿಮೆಯಿಲ್ಲದೆ, ಹಿಮೋಗ್ಲೋಬಿನ್ 100 ಮಿಲಿಲೀಟರಿಗೆ 12.5 ಗ್ರಾಮಿಗೆ ಕಡಿಮೆಯಾಗದೆ ಇರಬೇಕು. 60 ದಾಟಿದವರು ಜೀವನದಲ್ಲಿ ಮೊದಲ ಸಲ ಕೊಡಲು ಬರುವಂತಿಲ್ಲ.

ರಕ್ತ ಕೊಟ್ಟರೆ ಶಕ್ತಿ ಕುಂದುವುದೆಂಬ ಹೆದರಿಕೆಗೆ ಆಧಾರವಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆಸುತ್ತು ಬರುವುದುಂಟು. ಕಾರ್ಯಕರ್ತರು ಸಭಾಂಗಣವು ಖಾಲಿಯಿದೆಯೇ, ಅತಿಥಿಗಳು ಬಿಡುವಾಗಿದ್ದಾರೆಯೇ ಎಂದು ನೋಡಿ ಶಿಬಿರದ ದಿನವನ್ನು ಗೊತ್ತುಮಾಡುತ್ತಾರೆ. ಅಂದು ಏಕಾದಶಿಯೇ ಎಂಬುದನ್ನೂ ಪಂಚಾಂಗದಲ್ಲಿ ನೋಡಿಕೊಂಡರೆ ಒಳ್ಳೆಯದು. ಉಪವಾಸದಲ್ಲಿರುವ ಗೃಹಿಣಿಯರು ಉತ್ಸಾಹದಿಂದ ಬಂದು, ಮಂಚದಿಂದ ಏಳುವಾಗ ಬಿದ್ದರೆ, ಮುಂದಿನ ವರ್ಷ ಆ ಬೀದಿಯಿಂದ ಯಾರೂ ಬರಲಾರರು. ಇನ್ನು ಸ್ತ್ರೀಯರಲ್ಲಿ ಅನೇಕರನ್ನು ರಕ್ತಹೀನತೆಯ ಕಾರಣದಿಂದ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ‘ನಿಮ್ಮ ರಕ್ತ ಸಾಲದು’ ಎಂದು ಹೇಳಿ ಕಳುಹಿಸಿಬಿಡುವುದು ಸೇವೆಯಲ್ಲ. ಅಂಥವರ ಹೆಸರನ್ನು ಬರೆದುಕೊಂಡು ವೈದ್ಯರಲ್ಲಿಗೆ ಹೋಗುವಂತೆ ಹೇಳುವುದು, ನುಗ್ಗೆಸೊಪ್ಪು, ಕಾಳು, ನಿಂಬೆಹಣ್ಣುಗಳ ವಿಚಾರವನ್ನೂ, ಊಟವಾದೊಡನೆ ಚಹಾ ಕುಡಿದರೆ ಕಬ್ಬಿಣವು ಮೈಗೆ ಹತ್ತದೆಂಬುದನ್ನೂ ತಿಳಿಸುವುದು ಶಿಬಿರದ ಅರ್ಧ ಪ್ರಯೋಜನ.

ಸ್ವಯಂಪ್ರೇರಣೆ ಏಕೆ?

ಒಂದು ಕಾಲದಲ್ಲಿ ಭಾರತದ ನಗರಗಳಲ್ಲಿ ರಕ್ತ ಮಾರಿಯೇ ಹೊಟ್ಟೆ ಹೊರೆಯುವವರಿದ್ದರು. ಹಸಿವು, ಕುಡಿತ, ರೋಗಗಳಿಂದ ಬಳಲಿದವರು ತಮ್ಮ ಕಾಯಿಲೆಯನ್ನು ಮುಚ್ಚಿಟ್ಟು, ಪದೇ ಪದೇ ರಕ್ತ ಕೊಟ್ಟು ಹಣ ಪಡೆಯುತ್ತಿದ್ದರು. ‘ಕಾಮನ್ ಕಾಸ್’ ಎಂಬ ಸಂಸ್ಥೆಯು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿ 4ರಂದು ತೀರ್ಪು ಕೊಟ್ಟು ಈ ಪದ್ಧತಿಯನ್ನು ಕೊನೆಗಾಣಿಸಬೇಕೆಂದು ಆಜ್ಞಾಪಿಸಿತು. 1998ರ ಜನವರಿ 1ರಿಂದ ರಕ್ತದ ಮಾರಾಟವು ನಿಂತಿತು. ಈಗ ರಕ್ತನಿಧಿಗಳು ಪಡೆಯುವುದು ಪರೀಕ್ಷೆ ಹಾಗೂ ಸಂಸ್ಕರಣೆಯ ವೆಚ್ಚವನ್ನೇ ಹೊರತು ರಕ್ತದ ಬೆಲೆಯನ್ನಲ್ಲ.

ಮಾರಾಟ ಹೋದ ಸ್ಥಳದಲ್ಲಿ ‘ಬದಲಿ ರಕ್ತ’ ಬಂದಿತು. ರೋಗಿಗೆ ಕೊಟ್ಟಷ್ಟನ್ನು ಬಂಧುಗಳು ತುಂಬಿಕೊಡಬೇಕೆಂಬ ಈ ಏರ್ಪಾಡು ಮೇಲುನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಇದರ ದೋಷವು ಸೂಕ್ಷ್ಮವಾದುದು. ಭಾವನು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿರುವಾಗ, ಅತ್ತೆ-ಮಾವಂದಿರ ಎದುರಿನಲ್ಲಿ, ‘ನನಗೆ ಹಿಂದೆ ಕಾಮಾಲೆಯಾಗಿತ್ತು’ ಎಂದೋ ಅದಕ್ಕಿಂತಲೂ ಗುಪ್ತವಾದ ಸಂಗತಿಯನ್ನೋ ಹೇಳುವ ಧೈರ್ಯ ಯಾರಿಗಿದೆ? ಸಂಕೋಚದಿಂದ ಸುಮ್ಮನೆ ತೋಳು ಚಾಚುತ್ತಾರೆ. ಪ್ರತಿ ಬಾಟಲಿಯನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ಯಾವ ಪರೀಕ್ಷೆಗೂ ಅದು ಸಿಕ್ಕದಿರಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ದಾನಿಯ ಸತ್ಯಸಂಧತೆ ಒಂದೇ. ಯಾರ ಒತ್ತಾಯವೂ ಇಲ್ಲದೆ ಬಂದವನು ‘ಇಂದು ಬೇಡ’ ಎಂದು ಎದ್ದು ಹೋಗಬಲ್ಲನು; ಸ್ವಯಂಪ್ರೇರಿತ ದಾನವು ಶ್ರೇಷ್ಠವೆನ್ನುವುದಕ್ಕೆ ವೈದ್ಯಕೀಯವಾದ ಕಾರಣ ಇದೇ. 2002ರ ರಾಷ್ಟ್ರೀಯ ರಕ್ತನೀತಿಯೂ ಬದಲಿ ಪದ್ಧತಿಯನ್ನು ಕ್ರಮೇಣ ಕೈಬಿಡಬೇಕೆಂದೇ ಹೇಳುತ್ತದೆ. ಅಕ್ಟೋಬರ್ 1ನ್ನು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾಗಿ 1975ರಿಂದಲೂ, ಲ್ಯಾಂಡ್‌ಸ್ಟೈನರನ ಜನ್ಮದಿನವಾದ ಜೂನ್ 14ನ್ನು ವಿಶ್ವ ರಕ್ತದಾನಿಗಳ ದಿನವಾಗಿ 2004ರಿಂದಲೂ ಆಚರಿಸುತ್ತಿರುವುದು ಇಂಥ ದಾನಿಗಳ ಗೌರವಾರ್ಥವಾಗಿ.

ರಕ್ತವು ಯಾರಿಗೆ ಹೋಗುತ್ತದೆ ಎಂದು ಕೇಳುವವರಿಗೆ ಥಲಸ್ಸೀಮಿಯಾ ರೋಗದ ಮಕ್ಕಳನ್ನು ತೋರಿಸಬೇಕು. ಹುಟ್ಟಿನಿಂದಲೇ ಸರಿಯಾದ ಹಿಮೋಗ್ಲೋಬಿನ್ ತಯಾರಾಗದ ಈ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಬಹುಮಟ್ಟಿಗೆ ಜೀವಮಾನವಿಡೀ, ರಕ್ತ ಕೊಡುತ್ತಿರಬೇಕು. ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪಿತವಾದ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಯು ಇಂಥ ಸಹಸ್ರಾರು ರೋಗಿಗಳ ಆರೈಕೆಯನ್ನು ನಡೆಸುತ್ತ ಬಂದಿದೆ. ತಂದೆ-ತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯು ಇನ್ನೂ ಉಳಿದಿರುವ ಮನೆತನಗಳಲ್ಲಿ ಈ ಸಂಭವ ಹೆಚ್ಚು. ಮದುವೆಗೆ ಮುಂಚೆ ಜಾತಕದೊಡನೆ ‘ಎಚ್.ಬಿ.ಎ.2’ ಎಂಬ ರಕ್ತಪರೀಕ್ಷೆಯ ಕಾಗದವನ್ನೂ ಕೂಡಿಸಿ ನೋಡಿದರೆ ಮುಂದಿನ ಎಷ್ಟೋ ಕಣ್ಣೀರು ತಪ್ಪುತ್ತದೆ.

ಡೆಂಗೆ ಜ್ವರದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಮಾತನ್ನು ಹೇಳಬೇಕಾಗಿದೆ. ಮಳೆಗಾಲ ಮುಗಿಯುವಾಗ ‘ಪ್ಲೇಟ್‌ಲೆಟ್ ಬೇಕು’ ಎಂಬ ಕೂಗು ನಗರದಲ್ಲೆಲ್ಲ ಏಳುತ್ತದೆ. ರಕ್ತಸ್ರಾವವಿಲ್ಲದ ರೋಗಿಗೆ, ಎಣಿಕೆಯು ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ, ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅರವತ್ತು ಸಾವಿರವೆಂಬ ವರದಿಯನ್ನು ಹಿಡಿದು ನಡುರಾತ್ರಿ ಹತ್ತು ಜನರನ್ನು ಎಬ್ಬಿಸುವ ಮುನ್ನ ವೈದ್ಯರನ್ನು ಕೇಳುವುದು ಉಚಿತ.

ಕನ್ನಡಿಗರು ಅರಿತಿರಬೇಕಾದ ಮತ್ತೊಂದು ಸಂಗತಿಯಿದೆ. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆಯವರು ಗುರುತಿಸಿದ ‘ಬಾಂಬೆ ಗುಂಪು’ ಸಾಧಾರಣ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣಿಸಿಕೊಂಡರೂ, ಆ ಗುಂಪಿನವರಿಗೆ ‘ಓ’ ರಕ್ತವು ಒಗ್ಗುವುದಿಲ್ಲ. ಅದೇ ಗುಂಪಿನವರ ರಕ್ತವೇ ಬೇಕು. ಅತಿ ವಿರಳವಾದ ಈ ಗುಂಪು ಮಹಾರಾಷ್ಟ್ರ, ಕರ್ನಾಟಕಗಳ ಕಡೆಯವರಲ್ಲಿ ಕಂಡುಬರುತ್ತದೆ. ‘ಓ’ ಎಂದು ಬರೆಸಿಕೊಂಡವರು ತಮ್ಮ ಗುಂಪನ್ನು ಒಮ್ಮೆ ಪೂರ್ಣವಾಗಿ ಪರೀಕ್ಷಿಸಿಕೊಳ್ಳುವುದು ಲೇಸು.

ಹಿನ್ನೆಲೆಯ ಕೈಗಳು

ಶಿಬಿರದ ಮರುದಿನದ ಪತ್ರಿಕೆಯಲ್ಲಿ ಬರುವ ಚಿತ್ರದಲ್ಲಿ ಶಾಲು ಹೊದ್ದವರು ಇರುತ್ತಾರೆ. ಎಂಟು ದಿನ ಮೊದಲೇ ಸ್ಕೂಟರಿನಲ್ಲಿ ಸುತ್ತಿ ಕಾಚಿಗುಡದಿಂದ ಕೂಕಟ್‌ಪಲ್ಲಿಯವರೆಗೆ ಮನೆಮನೆಗೆ ಹೇಳಿಬಂದ ತರುಣ, ಅರ್ಜಿಗಳನ್ನು ತುಂಬಿಸಿದ ನಿವೃತ್ತ ಉಪಾಧ್ಯಾಯರು, ದಾನಿಗಳು ಎದ್ದ ಮೇಲೆ ಕಾಲು ಗಂಟೆ ಕುಳ್ಳಿರಿಸಿ ಅವಲಕ್ಕಿ, ಹಣ್ಣಿನ ರಸ ಕೊಟ್ಟು ಮುಖ ಬಿಳಿಚಿದೆಯೇ ಎಂದು ನೋಡಿದ ತಾಯಂದಿರು ಆ ಚಿತ್ರದ ಹೊರಗೆ ಉಳಿಯುತ್ತಾರೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು, 65 ದಾಟಿದವರು, ತೂಕ ಸಾಲದವರು ರಕ್ತ ಕೊಡಲಾರರು. ಈ ಕೆಲಸಗಳನ್ನೆಲ್ಲ ಅವರು ಮಾಡಬಲ್ಲರು. ಸನ್ಮಾನದ ಪಟ್ಟಿ ಬರೆಯುವವರು ಇವರಿಂದಲೇ ಆರಂಭಿಸಿದರೆ ತಪ್ಪೇನಿಲ್ಲ.

ಒಂದು ದೋಷವನ್ನೂ ಹೇಳದೆ ಇರಲಾಗದು. ಒಂದೇ ದಿನದಲ್ಲಿ ಐನೂರು ಬಾಟಲಿ ಕೂಡಿಸುವ ಪೈಪೋಟಿಯು ನೋಟಕ್ಕೆ ಭವ್ಯ, ಪ್ರಯೋಜನಕ್ಕೆ ಅಲ್ಪ. ಕೆಂಪು ಕಣಗಳು ಬೆರೆಸಿದ ದ್ರಾವಣಕ್ಕನುಸಾರವಾಗಿ 35 ಅಥವಾ 42 ದಿನಗಳಷ್ಟೇ ಉಳಿಯುತ್ತವೆ. ಪ್ಲೇಟ್‌ಲೆಟ್ಟುಗಳ ಆಯುಸ್ಸು ಐದೇ ದಿನ. ರಾಜ್ಯೋತ್ಸವದ ದಿನ ರಕ್ತನಿಧಿಯು ತುಂಬಿ ತುಳುಕಿ, ಕಾಲೇಜುಗಳು ಮುಚ್ಚಿದ ಏಪ್ರಿಲ್-ಮೇ ತಿಂಗಳಲ್ಲಿ ಬರಿದಾದರೆ ರೋಗಿಗೆ ಏನು ಸಿಕ್ಕಿತು? ಐವತ್ತು ಐವತ್ತರಂತೆ ವರ್ಷದಲ್ಲಿ ನಾಲ್ಕು ಸಲ ಮಾಡುವುದೇ ಮೇಲು. ಪರವಾನಗಿಯುಳ್ಳ ರಕ್ತನಿಧಿಗೆ ಕೆಲವು ವಾರ ಮುಂಚಿತವಾಗಿ ತಿಳಿಸಿದರೆ ವೈದ್ಯರು, ದಾದಿಯರು, ಉಪಕರಣಗಳು ಅಲ್ಲಿಂದಲೇ ಬರುತ್ತವೆ. ಸಂಘವು ಒದಗಿಸಬೇಕಾದದ್ದು ಗಾಳಿ-ಬೆಳಕುಳ್ಳ ಜಾಗ, ನೀರು, ಜನ.

ಇವೆಲ್ಲಕ್ಕಿಂತ ಹೆಚ್ಚು ಬಾಳುವಂಥದು ದಾನಿಗಳ ಪುಸ್ತಕ. ಹೆಸರು, ಗುಂಪು, ಬಡಾವಣೆ, ದೂರವಾಣಿ, ಕೊನೆಯ ಸಲ ಕೊಟ್ಟ ದಿನಾಂಕ, ಇಷ್ಟು ಇದ್ದರೆ ಸಾಕು. ನವೆಂಬರ್ 1ರಂದು ಕೊಟ್ಟ ಗಂಡಸರು ಜನವರಿ 30ಕ್ಕೆ, ಹೆಂಗಸರು ಮಾರ್ಚ್ ಆರಂಭಕ್ಕೆ ಮತ್ತೆ ಸಿದ್ಧರಾಗುತ್ತಾರೆ. ಊರು ಬಿಟ್ಟವರ, ಸಂಖ್ಯೆ ಬದಲಾಯಿಸಿದವರ ಹೆಸರನ್ನು ಯುಗಾದಿಗೊಮ್ಮೆ, ದಸರೆಗೊಮ್ಮೆ ತಿದ್ದಬೇಕು. ಆ ಪುಸ್ತಕವನ್ನು ಇಟ್ಟುಕೊಂಡವರ ದೂರವಾಣಿ ಸಂಖ್ಯೆಯನ್ನು ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಸಂಘಗಳಿಗೂ ತಾಲೂಕು ಆಸ್ಪತ್ರೆಗಳಿಗೂ ಮೊದಲೇ ತಿಳಿಸಿಟ್ಟರೆ, ರೋಗಿಯನ್ನು ಕರೆದುಕೊಂಡು ರಾತ್ರಿಯ ಬಸ್ಸು ಹತ್ತುವವರು ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೊರಡಬಹುದು.