ಕಡವೆಯ ಕೊಂಬಿಗೆ ಮೂರೇ ಕವಲು

ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ, ದಿಂಬಂ ಘಾಟಿ ಇಳಿಯುವ ಮೊದಲು ಹಾಸನೂರು ಸಿಗುತ್ತದೆ. ಅದರ ವಾಯವ್ಯಕ್ಕೆ ತಾಳವಾಡಿ. ಇಲ್ಲಿನ ಕಾಡಿನ ದೊಡ್ಡ ಜಿಂಕೆಯೆಂದರೆ ಕಡವೆ. ಗಂಡಿನ ಒಂದೊಂದು ಕೊಂಬಿಗೂ ಸಾಮಾನ್ಯವಾಗಿ ಮೂರೇ ಕವಲು: ಹಣೆಯ ಬಳಿ ಮುಂದಕ್ಕೆ ಚಾಚಿದ್ದು ಒಂದು, ತುದಿಯಲ್ಲಿ ಸೀಳಿಕೊಂಡದ್ದು ಎರಡು. ಆದರೆ ನಮ್ಮ ಕ್ಯಾಲೆಂಡರುಗಳಲ್ಲಿ, ಶಾಲೆಯ ಗೋಡೆಗಳಲ್ಲಿ ಎದೆಯುಬ್ಬಿಸಿ ನಿಂತ ಜಿಂಕೆಯ ಒಂದೊಂದು ಕೊಂಬಿಗೂ ಐದಾರು ಕವಲು. ಅದು ನಮ್ಮ ಕಾಡಿನದಲ್ಲ, ಸ್ಕಾಟ್ಲೆಂಡಿನದು.

ಆ ನಿಲುವನ್ನು ಜಗತ್ತಿಗೆಲ್ಲ ಹಬ್ಬಿಸಿದವನು ಚಿತ್ರಕಾರ ಎಡ್ವಿನ್ ಲ್ಯಾಂಡ್ಸಿಯರ್. 1851ರ ಅವನ 'ಮೊನಾರ್ಕ್ ಆಫ್ ದಿ ಗ್ಲೆನ್' ಚಿತ್ರದಲ್ಲಿ ಹನ್ನೆರಡು ಕವಲಿನ ಗಂಡು ಜಿಂಕೆ, ಮೂಗು ಒದ್ದೆ, ಹಿಂದೆ ಮಂಜು ಕವಿದ ಬೆಟ್ಟ. ಬ್ರಿಟಿಷ್ ಸಂಸತ್ತಿನ ಉಪಾಹಾರದ ಕೋಣೆಗೆಂದು ಬರೆಸಿದ ಚಿತ್ರವದು. ಹಣ ಕೊಡುವ ಹೊತ್ತಿಗೆ ಕೆಳಮನೆ 150 ಪೌಂಡ್ ಮಂಜೂರು ಮಾಡಲು ಒಪ್ಪಲಿಲ್ಲ. ಚಿತ್ರ ಖಾಸಗಿಯವರ ಪಾಲಾಯಿತು. ಮುಂದೆ ಸೋಪಿಗೂ ವಿಸ್ಕಿಗೂ ಅದೇ ಜಾಹೀರಾತು. 2017ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾ ಗ್ಯಾಲರಿ ಅದನ್ನು ಕೊಂಡಾಗ ಬೆಲೆ 40 ಲಕ್ಷ ಪೌಂಡ್!

ಚಿತ್ರದ ಬೆಟ್ಟದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆ ಸೀಮೆಯ ರೈತರನ್ನು ಕುರಿಗಾಗಿ ಮೊದಲು ಒಕ್ಕಲೆಬ್ಬಿಸಿ, ಆಮೇಲೆ ಶ್ರೀಮಂತರ ಜಿಂಕೆ ಬೇಟೆಗೆ ಬೆಟ್ಟಗಳನ್ನು ಮೀಸಲಿಟ್ಟ ಕಾಲವದು. ಚಿತ್ರ ನೋಡಿದಾಗಲೆಲ್ಲ ನನಗೆ ಆ ಜನರದೇ ಚಿಂತೆ.

ಬೇಟೆಗಾರನ ಈ ಕಣ್ಣು ನಮ್ಮ ಬೆಟ್ಟಗಳಿಗೂ ಬಂತು. 1807ರ 'ಓರಿಯಂಟಲ್ ಫೀಲ್ಡ್ ಸ್ಪೋರ್ಟ್ಸ್' ಗ್ರಂಥಕ್ಕೆ ಚಿತ್ರ ಬರೆದ ಸ್ಯಾಮ್ಯುಯೆಲ್ ಹೋವಿಟ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಗ್ರಂಥಕರ್ತ ವಿಲಿಯಮ್ಸನ್ ತಂದ ರೇಖಾಚಿತ್ರಗಳೇ ಅವನಿಗೆ ಆಧಾರ. ಬ್ರಿಟಿಷ್ ಬೇಟೆಗಾರ ಡಗ್ಲಸ್ ಹ್ಯಾಮಿಲ್ಟನ್ ಹಾಗಲ್ಲ. ತಾಳವಾಡಿಯಿಂದ ಮೋಯಾರ್ ಕಣಿವೆಯಾಚೆಗಿನ ನೀಲಗಿರಿಯಲ್ಲೂ ಆನೆಮಲೆಯಲ್ಲೂ ಬೇಟೆಯಾಡುತ್ತ ತಾನೇ ಚಿತ್ರ ಬರೆದ. ಅವು 1892ರಲ್ಲಿ ಅವನ ಶಿಕಾರಿ ದಿನಚರಿಯೊಂದಿಗೆ ಅಚ್ಚಾದವು. ಆದರೂ ಆ ಕಾಲದ ದೊರೆಗಳಿಗೆ ಕಡವೆ ಕಡವೆಯಾಗಿ ಕಾಣಲಿಲ್ಲ. ಅದನ್ನವರು 'ಎಲ್ಕ್' ಎಂದರು. ಕವಲು ಎಣಿಸಿ ದರ್ಜೆ ಕೊಡಲು ಬಾರದ್ದರಿಂದ ಕೊಂಬನ್ನು ಇಂಚಿನಲ್ಲಿ ಅಳೆದು ಬಂಗಲೆಯ ಗೋಡೆಗೆ ಮೊಳೆ ಹೊಡೆದರು.

ಹುಲಿಯ ವಾಸನೆ ಸಿಕ್ಕೊಡನೆ ನೆಲಕ್ಕೆ ಬಡಿಯುವ ಗೊರಸು, ಕಾಡೆಲ್ಲ ಎಚ್ಚರಾಗುವಂಥ ಕೂಗು, ಇವು ಲ್ಯಾಂಡ್ಸಿಯರನ ಜಿಂಕೆಗಿಲ್ಲ. ತಾಳವಾಡಿ, ಹಾಸನೂರಿನ ಚಿತ್ರಕಲಾ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಮಕ್ಕಳಿಂದ ಕಡವೆ ಬರೆಸಿ, ಕೊಂಬಿಗೆ ಮೂರೇ ಕವಲು ಹಾಕಿಸಿ, ಪಕ್ಕದಲ್ಲಿ ಈ ಕಾಡಿನ ಜನರಾದ ಸೋಲಿಗರ ಊರು ಪೋಡನ್ನೂ ಬರೆಸಿ; ನಮ್ಮ ಚಿತ್ರದಲ್ಲಿ ಮನುಷ್ಯರೂ ಇರಲಿ.