ಜಾರ್ಜ್ ಫರ್ನಾಂಡಿಸ್

ಜಾರ್ಜ್ ಫರ್ನಾಂಡಿಸ್ (ಜೂನ್ 3, 1930 – ಜನವರಿ 29, 2019) ಕರ್ನಾಟಕ ಮೂಲದ ಕಾರ್ಮಿಕ ಮುಖಂಡರು, ಸಮಾಜವಾದಿ ರಾಜಕಾರಣಿ ಹಾಗೂ ಕೇಂದ್ರದ ಮಾಜಿ ಸಚಿವರು. 1974ರ ರೈಲ್ವೆ ಮುಷ್ಕರದ ನಾಯಕರಾಗಿದ್ದ ಇವರು ಹದಿನೈದು ವರ್ಷಗಳ ಬಳಿಕ ರೈಲ್ವೆ ಸಚಿವರಾದರು.

ಆರಂಭಿಕ ಜೀವನ

ಮಂಗಳೂರಿನ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಆರು ಮಕ್ಕಳ ಪೈಕಿ ಹಿರಿಯರಾಗಿ ಜನಿಸಿದರು. ಬ್ರಿಟನ್ನಿನ ಅರಸ ಐದನೆಯ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ ಆದುದರಿಂದ ತಾಯಿ ಮಗನಿಗೆ ಆ ಹೆಸರನ್ನಿಟ್ಟರು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರೂ ಶಿಕ್ಷಣವನ್ನು ಪೂರ್ಣಗೊಳಿಸದೆ ಹೊರಬಂದರು. 1949ರಲ್ಲಿ ಮುಂಬಯಿಗೆ ತೆರಳಿ, ಕೆಲಸ ಸಿಗುವವರೆಗೆ ಚೌಪಾಟಿಯ ಬೆಂಚುಗಳ ಮೇಲೆ ಮಲಗಿ ದಿನ ಕಳೆದರು. ಬಂದರು ಕಾರ್ಮಿಕರ ನಾಯಕ ಪಿ. ಡಿ'ಮೆಲ್ಲೊ ಮತ್ತು ರಾಮಮನೋಹರ ಲೋಹಿಯಾ ಅವರ ಪ್ರಭಾವದಿಂದ ಟ್ಯಾಕ್ಸಿ ಚಾಲಕರು, ಹೋಟೆಲ್ ನೌಕರರು ಮೊದಲಾದ ಅಸಂಘಟಿತರನ್ನು ಸಂಘಟಿಸಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು.

ರೈಲ್ವೆ ಮುಷ್ಕರ ಮತ್ತು ತುರ್ತು ಪರಿಸ್ಥಿತಿ

ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿ 1974ರ ಮೇ 8ರಂದು ಆರಂಭವಾದ ಮುಷ್ಕರಕ್ಕೆ ಕರೆ ನೀಡಿದರು. ಎಂಟು ಗಂಟೆಗಳ ದುಡಿಮೆ, ಬೋನಸ್ ಮತ್ತು ವೇತನ ಪರಿಷ್ಕರಣೆ ಮುಖ್ಯ ಬೇಡಿಕೆಗಳಾಗಿದ್ದವು. ಮುಷ್ಕರಕ್ಕೆ ಮೊದಲೇ ಫರ್ನಾಂಡಿಸರನ್ನು ಬಂಧಿಸಲಾಯಿತು. ಸಾವಿರಾರು ನೌಕರರು ಸೆರೆಯಾದರು. ಅನೇಕರು ನೌಕರಿಯನ್ನೂ, ಕುಟುಂಬವಿದ್ದ ವಸತಿಗೃಹವನ್ನೂ ಕಳೆದುಕೊಂಡರು. ಸುಮಾರು ಇಪ್ಪತ್ತು ದಿನಗಳಲ್ಲಿ, ಬೇಡಿಕೆಗಳು ಈಡೇರದೆಯೇ ಮುಷ್ಕರ ನಿಂತಿತು. ಮುಷ್ಕರವಾಗಿ ಅದು ಸೋಲೇ. ವಜಾಗೊಂಡವರ ಮರುನೇಮಕಕ್ಕೆ 1977ರ ಜನತಾ ಸರ್ಕಾರ ಬರಬೇಕಾಯಿತು.

1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಭೂಗತರಾದರು. ಇವರ ಸುಳಿವಿಗಾಗಿ ಸಹೋದರ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿ ಚಿತ್ರಹಿಂಸೆಗೆ ಒಳಪಡಿಸಲಾಯಿತು. ಬರೋಡಾ ಡೈನಮೈಟ್ ಪ್ರಕರಣದ ಸಂಬಂಧ ಬೆಂಗಳೂರು ಜೈಲಿನಲ್ಲಿದ್ದ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು. 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸೆರೆಸಿಕ್ಕ ಫರ್ನಾಂಡಿಸರು ಜೈಲಿನಿಂದಲೇ ಬಿಹಾರದ ಮುಜಫರಪುರದಲ್ಲಿ ಸ್ಪರ್ಧಿಸಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಸಚಿವರಾಗಿ

ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದಾಗ ಕೋಕಾ-ಕೋಲಾ ಮತ್ತು ಐಬಿಎಂ ಕಂಪನಿಗಳು ಭಾರತವನ್ನು ತೊರೆದವು. ತವರು ರಾಜ್ಯದ ಮತದಾರರು ಮಾತ್ರ ಇವರಿಗೆ ಒಲಿಯಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ಕೆ. ಜಾಫರ್ ಷರೀಫರ ಎದುರು ಸೋತರು. 1989–90ರಲ್ಲಿ ರೈಲ್ವೆ ಸಚಿವರಾಗಿ ಕೊಂಕಣ ರೈಲ್ವೆ ನಿಗಮದ ಸ್ಥಾಪನೆಗೆ ಕಾರಣರಾದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ ಈ ಮಾರ್ಗ 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು.

1994ರಲ್ಲಿ ಸಮತಾ ಪಕ್ಷವನ್ನು ಕಟ್ಟಿ, ಬಳಿಕ ಭಾರತೀಯ ಜನತಾ ಪಕ್ಷದೊಂದಿಗೆ ಕೈಜೋಡಿಸಿದರು. ಹಳೆಯ ಸಮಾಜವಾದಿ ಒಡನಾಡಿಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಪೋಖ್ರಾನ್ ಅಣುಪರೀಕ್ಷೆ ಮತ್ತು ಕಾರ್ಗಿಲ್ ಯುದ್ಧದ ಕಾಲದಲ್ಲಿ ರಕ್ಷಣಾ ಸಚಿವರಾಗಿದ್ದರು. 2001ರ ಮಾರ್ಚ್‌ನಲ್ಲಿ ತೆಹಲ್ಕಾ ವರದಿಯ ಹಿನ್ನೆಲೆಯಲ್ಲಿ ರಾಜೀನಾಮೆ ನೀಡಿ, ಅದೇ ವರ್ಷ ಮರಳಿ ಅಧಿಕಾರ ವಹಿಸಿಕೊಂಡರು.

ನಿಧನ

ಅಲ್ಜೈಮರ್ ಕಾಯಿಲೆಯಿಂದ ಹಲವು ವರ್ಷ ಬಳಲಿ ದೆಹಲಿಯಲ್ಲಿ ನಿಧನರಾದರು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.